ಹುಡುಕಾಟ ತಪ್ಪಿಸುವ ಐದು ಮಾತು: ಜಪಾನಿನ 5ಎಸ್ ಪದ್ಧತಿ

ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವ ನಮ್ಮ ಸದಸ್ಯರಿಗೆ '5ಎಸ್' ಎಂಬ ಮಾತು ಹೊಸದೇನಲ್ಲ. ಗೇಟು ದಾಟಿದ ಕೂಡಲೇ ಫಲಕ, ನೆಲದ ಮೇಲೆ ಹಳದಿ ಪಟ್ಟಿ, ಗೋಡೆಯ ಮೇಲೆ ಸ್ಪ್ಯಾನರಿನ ಆಕಾರದ ಚಿತ್ರ, ಶನಿವಾರ ಬಂತೆಂದರೆ ಆಡಿಟ್ಟು. ಅವರಿಗೆ ಇದು ದಿನನಿತ್ಯದ ಪಾಡು. ಕಾಸರಗೋಡಿನಲ್ಲಿ ಅಂಗಡಿ ಇಟ್ಟವರಿಗೆ, ಜತ್ತದಲ್ಲಿ ಶಾಲೆ ನಡೆಸುವವರಿಗೆ, ಆದೋನಿಯಲ್ಲಿ ಮನೆ ನೋಡಿಕೊಳ್ಳುವವರಿಗೆ ಮಾತ್ರ ಇದು ಅಷ್ಟಾಗಿ ಗೊತ್ತಿರಲಾರದು. ವಸ್ತುಗಳನ್ನು ಒಪ್ಪವಾಗಿ ಇಟ್ಟುಕೊಳ್ಳುವ ಈ ಜಪಾನಿ ಕ್ರಮ ಎಲ್ಲಿಂದ ಬಂತು, ಹೇಗೆ ನಡೆಯುತ್ತದೆ, ಮನೆಗೂ ಸಂಘದ ಕೊಠಡಿಗೂ ಎಷ್ಟು ಒಗ್ಗುತ್ತದೆ, ಎಲ್ಲಿ ಒಗ್ಗುವುದಿಲ್ಲ ಎಂಬುದನ್ನು ಇಲ್ಲಿ ಬರೆಯಲಾಗಿದೆ. ಒಗ್ಗದ ಜಾಗ ಒಂದಿದೆ. ಗಡಿನಾಡಿನವರಾದ ನಮಗೆ ಅದು ಮುಖ್ಯವಾದದ್ದು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಐದು ಜಪಾನಿ ಪದಗಳ ಮೊದಲ ಅಕ್ಷರ ಇಂಗ್ಲಿಷಿನಲ್ಲಿ ಬರೆದರೆ 'ಎಸ್' ಆಗುತ್ತದೆ. ಅದಕ್ಕೇ ಈ ಹೆಸರು. ಸೈರಿ, ಸೈಟನ್, ಸೈಸೋ, ಸೈಕೆತ್ಸು, ಶಿತ್ಸುಕೆ. ನಮ್ಮ ಕಾರ್ಖಾನೆಗಳಲ್ಲಿ ಹೀಗೆ ಹೇಳುವ ರೂಢಿ. ಜಪಾನೀಯರ ಬಾಯಲ್ಲಿ ಮೊದಲ ನಾಲ್ಕೂ 'ಸೇ' ಎಂದೇ ಶುರುವಾಗುತ್ತವೆ, ಮೊದಲನೆಯದು 'ಸೇರಿ' ಎಂದು ಕೇಳಿಸುತ್ತದೆ. ನಮ್ಮ 'ಸೇರಿ' ಎಂದರೆ ಕೂಡಿ ಎಂದರ್ಥ, ಅವರದು ಬೇರ್ಪಡಿಸುವುದು. ನೆನಪಿಟ್ಟುಕೊಳ್ಳಲು ಈ ವಿರೋಧ ಅನುಕೂಲ. ಇಂಗ್ಲಿಷಿನವರು ಇವುಗಳಿಗೆ ಸಾರ್ಟ್, ಸೆಟ್ ಇನ್ ಆರ್ಡರ್, ಶೈನ್, ಸ್ಟ್ಯಾಂಡರ್ಡೈಸ್, ಸಸ್ಟೇನ್ ಎಂದು ಅವೇ ಅಕ್ಷರ ಉಳಿಯುವಂತೆ ಪದ ಹುಡುಕಿಕೊಂಡಿದ್ದಾರೆ. ಅಕ್ಷರ ಉಳಿಸುವ ಹಟದಲ್ಲಿ ಅರ್ಥ ಅಲ್ಲಲ್ಲಿ ಸರಿದಿದೆ.

ಮಗ್ಗದಿಂದ ಕಾರಿಗೆ

ಈ ಪದ್ಧತಿಯನ್ನು ಒಬ್ಬರೇ ಕುಳಿತು ಕಂಡುಹಿಡಿದದ್ದಲ್ಲ. ಸೈರಿ, ಸೈಟನ್ ಎಂಬ ಪದಗಳು ಜಪಾನಿನ ಶಾಲೆ ಮನೆಗಳಲ್ಲಿ ಮೊದಲಿನಿಂದಲೂ ಬಳಕೆಯಲ್ಲಿದ್ದವು. ಅವುಗಳನ್ನು ಕಾರ್ಖಾನೆಯ ಶಿಸ್ತಾಗಿ ಮಾಡಿ ಜಗತ್ತಿಗೆ ಪರಿಚಯಿಸಿದ ಹೆಸರುಗಳಲ್ಲಿ ಮುಖ್ಯವಾದದ್ದು ಟೊಯೋಟಾ.

ಸೊಲ್ಲಾಪುರದ ನಮ್ಮ ಪವರ್‌ಲೂಮ್ ಬಂಧುಗಳಿಗೆ ಇಲ್ಲೊಂದು ಸ್ವಾರಸ್ಯ. ಟೊಯೋಟಾದ ಮೂಲ ಕಾರಲ್ಲ, ಮಗ್ಗ. ಸಕಿಚಿ ಟೊಯೋಡಾ ಎಂಬವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದಲ್ಲಿ ನೂಲಿನ ಎಳೆ ಕಡಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಹಾಳಾದ ಬಟ್ಟೆ ಮುಂದೆ ನೇಯಿಸಿಕೊಳ್ಳುತ್ತಾ ಹೋಗುವ ಮಾತೇ ಇಲ್ಲ. ತಪ್ಪು ಆದ ಕ್ಷಣದಲ್ಲೇ ಕಣ್ಣಿಗೆ ಬೀಳಬೇಕು ಎಂಬ ಆ ಮಗ್ಗದ ಬುದ್ಧಿಯೇ ಮುಂದೆ ಕಾರಿನ ಕಾರ್ಖಾನೆಗೂ ಬಂತು. ಆ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಕೊಂಡಿತು. ಸಕಿಚಿಯವರ ಮಗ ಕಿಚಿರೋ ಕಾರಿನ ಕಡೆ ತಿರುಗಿದರು. 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ಬೇರೆಯಾಗಿ ಸ್ಥಾಪನೆಯಾಯಿತು.

ಯುದ್ಧ ಮುಗಿದ ಮೇಲೆ ಕಂಪನಿಯ ಸ್ಥಿತಿ ಕೆಟ್ಟಿತ್ತು. 1950ರಲ್ಲಿ ದಿವಾಳಿಯ ಅಂಚಿಗೆ ಬಂದು, ಮುಷ್ಕರವೂ ಆಗಿ, ಕಿಚಿರೋ ರಾಜೀನಾಮೆ ಕೊಡಬೇಕಾಯಿತು. ಗೋದಾಮು ತುಂಬ ಬಿಡಿಭಾಗ ಪೇರಿಸಿಡಲು ಹಣವೂ ಇರಲಿಲ್ಲ, ಜಾಗವೂ ಇರಲಿಲ್ಲ. ಆ ದಿನಗಳಲ್ಲಿ ಮಷಿನ್ ಶಾಪಿನ ಹೊಣೆ ಹೊತ್ತಿದ್ದ ತಾಯಿಚಿ ಓನೋ ಎಂಬ ಎಂಜಿನಿಯರ್, ಬೇಕಾದದ್ದು ಬೇಕಾದಾಗ ಬೇಕಾದಷ್ಟೇ ಇರುವ ವ್ಯವಸ್ಥೆಯನ್ನು ವರ್ಷಗಟ್ಟಲೆ ಪ್ರಯೋಗ ಮಾಡಿ ಕಟ್ಟಿದರು. ಅದೇ ಇಂದು ಟೊಯೋಟಾ ಉತ್ಪಾದನಾ ಪದ್ಧತಿ ಎಂದು ಹೆಸರಾಗಿರುವುದು. ಅಂಥ ವ್ಯವಸ್ಥೆಯಲ್ಲಿ ಒಂದು ಬೋಲ್ಟು ಎಲ್ಲಿದೆ ಎಂದು ಹುಡುಕುತ್ತಾ ನಿಂತರೆ ಇಡೀ ಸಾಲು ನಿಲ್ಲುತ್ತದೆ. ದಾಸ್ತಾನು ಹೆಚ್ಚಿದ್ದಲ್ಲಿ ಅಸ್ತವ್ಯಸ್ತವನ್ನು ಅದು ಮುಚ್ಚಿಡುತ್ತದೆ, ಇಲ್ಲದಲ್ಲಿ ಮುಚ್ಚಿಡಲು ಏನೂ ಇರುವುದಿಲ್ಲ. ಒಪ್ಪ ಓರಣ ಅಲ್ಲಿ ಅಂದಕ್ಕಾಗಿ ಬಂದದ್ದಲ್ಲ.

ಐದೂ ಪದಗಳನ್ನು ಒಂದು ಕ್ರಮಕ್ಕೆ ಕೂಡಿಸಿ ಪುಸ್ತಕ ಬರೆದವರಲ್ಲಿ ತಕಾಶಿ ಓಸಾದಾ ಮತ್ತು ಹಿರೊಯುಕಿ ಹಿರಾನೊ ಪ್ರಮುಖರು. ಅವರ ಪುಸ್ತಕಗಳು 1991 ಮತ್ತು 1995ರಲ್ಲಿ ಇಂಗ್ಲಿಷಿಗೆ ಬಂದವು. ನಮ್ಮ ಕಾರ್ಖಾನೆಗಳ ತರಬೇತಿಯಲ್ಲಿ ಹೇಳುವುದು ಬಹುಮಟ್ಟಿಗೆ ಈ ಪುಸ್ತಕಗಳಿಂದ ಹರಿದುಬಂದದ್ದು.

ಸೈರಿ: ಬೇಕು, ಬೇಡ

ಮೊದಲನೆಯದು ಬೇಕಾದದ್ದನ್ನೂ ಬೇಡವಾದದ್ದನ್ನೂ ಬೇರೆ ಮಾಡುವುದು. ಕೇಳಲು ಸುಲಭ. ಮಾಡಲು ಹೊರಟಾಗ ಯಾರ ಬಾಯಲ್ಲೂ 'ಬೇಡ' ಎಂಬ ಮಾತು ಬರುವುದಿಲ್ಲ. "ಇರಲಿ ಬಿಡಿ, ಯಾವಾಗಲಾದರೂ ಬೇಕಾಗುತ್ತದೆ" ಎನ್ನುವುದು ಕಾರ್ಖಾನೆಯ ಸ್ಟೋರಿನಲ್ಲೂ ಒಂದೇ, ನಮ್ಮ ಮನೆಯ ಅಟ್ಟದ ಮೇಲೂ ಒಂದೇ.

ಇದಕ್ಕೆ ಜಪಾನೀಯರು ಕಂಡುಕೊಂಡ ಉಪಾಯ ಕೆಂಪು ಚೀಟಿ. ಒಂದು ದಿನ ನಿಗದಿ ಮಾಡಿ ಒಂದು ವಿಭಾಗದ ಎಲ್ಲರೂ ಸೇರಿ ಸುತ್ತು ಹೊಡೆಯುತ್ತಾರೆ. ಅನುಮಾನ ಬಂದ ಪ್ರತಿ ವಸ್ತುವಿಗೂ ಕೆಂಪು ಚೀಟಿ ಕಟ್ಟುತ್ತಾರೆ. ಚೀಟಿಯಲ್ಲಿ ವಸ್ತುವಿನ ಹೆಸರು, ಎಷ್ಟಿದೆ, ಎಲ್ಲಿತ್ತು, ಯಾಕೆ ಅನುಮಾನ, ಕಟ್ಟಿದ ದಿನಾಂಕ ಇಷ್ಟನ್ನು ಬರೆಯಬೇಕು. ಆಮೇಲೆ ಅವನ್ನೆಲ್ಲ ಒಂದು ಗುರುತು ಮಾಡಿದ ಜಾಗಕ್ಕೆ ತಂದಿಡುತ್ತಾರೆ. ಮೂವತ್ತು ದಿನವೋ ಅರವತ್ತು ದಿನವೋ ಗಡುವು. ಅಷ್ಟರಲ್ಲಿ ಯಾರಾದರೂ ಬಂದು ಇದು ನನಗೆ ಬೇಕು ಎಂದು ಕಾರಣ ಹೇಳಿದರೆ ವಸ್ತು ವಾಪಸು. ಯಾರೂ ಕೇಳದಿದ್ದರೆ ಬೇರೆ ವಿಭಾಗಕ್ಕೆ, ಇಲ್ಲವೇ ಮಾರಾಟಕ್ಕೆ, ಇಲ್ಲವೇ ಗುಜರಿಗೆ.

ಈ ಉಪಾಯದ ಜಾಣತನ ಇರುವುದು ಆ ಗಡುವಿನಲ್ಲಿ. ಚೀಟಿ ಕಟ್ಟುವವರು ಎಸೆಯುವ ತೀರ್ಮಾನ ಮಾಡುತ್ತಿಲ್ಲ, ಅನುಮಾನ ದಾಖಲಿಸುತ್ತಿದ್ದಾರೆ ಅಷ್ಟೆ. ಜಗಳ ಅಲ್ಲಿಗೆ ಕಡಿಮೆಯಾಗುತ್ತದೆ. ಇಡುವುದಕ್ಕೆ ಕಾರಣ ಕೊಡಬೇಕಾದ ಹೊಣೆ ಬೇಕೆನ್ನುವವರ ಮೇಲೆ ಬೀಳುತ್ತದೆ. ನಾವು ಸಾಮಾನ್ಯವಾಗಿ ಇದನ್ನು ತಿರುಗುಮುರುಗಾಗಿ ಮಾಡುತ್ತೇವೆ, ಎಸೆಯುವವನೇ ಎಲ್ಲರಿಗೂ ಸಮಜಾಯಿಷಿ ಕೊಡಬೇಕು.

ಸಂಘದ ಕೊಠಡಿಯಲ್ಲಿ ಇದನ್ನು ಮಾಡಿ ನೋಡಬಹುದು. ಹಳೆಯ ಬ್ಯಾನರು, ಕೆಟ್ಟ ಮೈಕು, ಒಂದೇ ಕಾಲಿನ ಸ್ಟ್ಯಾಂಡು, ನಾಟಕಕ್ಕೆಂದು ತಂದ ಕಿರೀಟ, ಹಂಚದೆ ಉಳಿದ ಆಮಂತ್ರಣ ಪತ್ರಿಕೆಯ ಕಟ್ಟು. ಗಡುವನ್ನು ಮಾತ್ರ ರಾಜ್ಯೋತ್ಸವ ದಾಟುವಂತೆ ಇಟ್ಟುಕೊಳ್ಳುವುದು ಒಳ್ಳೆಯದು. ವರ್ಷಕ್ಕೊಮ್ಮೆ ಬಳಸುವ ವಸ್ತು ಮೂವತ್ತು ದಿನದ ಗಡುವಿನಲ್ಲಿ ಅನ್ಯಾಯವಾಗಿ ಸೋಲುತ್ತದೆ.

ಸೈಟನ್: ಸಾಲಾಗಿ ಇಡುವುದಲ್ಲ

ಎರಡನೆಯದು ಉಳಿದ ವಸ್ತುಗಳಿಗೆ ಜಾಗ ಗೊತ್ತುಮಾಡುವುದು. ಇಲ್ಲಿ ಓನೋ ಅವರು ಮಾಡಿದ ಒಂದು ವಿಂಗಡಣೆ ನೆನಪಿಡಬೇಕಾದದ್ದು. ವಸ್ತುಗಳನ್ನು ಅಂದವಾಗಿ ಸಾಲಾಗಿ ಜೋಡಿಸುವುದಕ್ಕೆ ಜಪಾನಿಯಲ್ಲಿ 'ಸೈರೆತ್ಸು' ಎಂಬ ಬೇರೆ ಪದವಿದೆ. ಸೈನಿಕರನ್ನೋ ಶಾಲಾಮಕ್ಕಳನ್ನೋ ಸಾಲು ನಿಲ್ಲಿಸಿದ ಹಾಗೆ. ಬಹಳ ಜನ ಸೈರೆತ್ಸು ಮಾಡಿ ಸೈಟನ್ ಆಯಿತು ಎಂದುಕೊಳ್ಳುತ್ತಾರೆ. ಬೇಕೆಂದ ಕೂಡಲೇ ಕೈಗೆ ಸಿಗಬೇಕು, ಅದೇ ಸೈಟನ್. ಕಪಾಟಿನಲ್ಲಿ ಸಾಲಾಗಿ ನಿಂತ ಪುಸ್ತಕಗಳಲ್ಲಿ ಬೇಕಾದದ್ದು ಅರ್ಧ ಗಂಟೆ ಹುಡುಕಿದರೂ ಸಿಗದಿದ್ದರೆ ಅದು ಬರೀ ಮೆರವಣಿಗೆ.

ಇದಕ್ಕೆ ಮೂರು ಪ್ರಶ್ನೆ: ಯಾವ ವಸ್ತು, ಎಲ್ಲಿ, ಎಷ್ಟು. ಜಪಾನಿನಲ್ಲಿ ಇದನ್ನು ಮೂರು 'ತೈ' ಎನ್ನುತ್ತಾರೆ, ಗೊತ್ತಾದ ವಸ್ತು, ಗೊತ್ತಾದ ಜಾಗ, ಗೊತ್ತಾದ ಪ್ರಮಾಣ. ಮೂರನೆಯದನ್ನು ನಾವು ಮರೆಯುತ್ತೇವೆ. ಡಬ್ಬಿಯ ಮೇಲೆ ಎರಡು ಗೆರೆ ಎಳೆದು, ಮೇಲಿನ ಗೆರೆ ದಾಟಿ ತುಂಬಬಾರದು, ಕೆಳಗಿನ ಗೆರೆ ಮುಟ್ಟಿದರೆ ತರಿಸಬೇಕು ಎಂದಿಟ್ಟುಕೊಂಡರೆ ದಾಸ್ತಾನು ಪುಸ್ತಕವಿಲ್ಲದೆಯೇ ಲೆಕ್ಕ ಸಿಗುತ್ತದೆ. ಅಡುಗೆಮನೆಯ ಬೇಳೆ ಡಬ್ಬಿಗೂ ಇದು ಚೆನ್ನಾಗಿ ಒಗ್ಗುತ್ತದೆ.

ಗೋಡೆಯ ಹಲಗೆಯ ಮೇಲೆ ಪ್ರತಿ ಉಪಕರಣದ ನೆರಳಿನಂಥ ಆಕಾರ ಬರೆದು ಅದರ ಮೇಲೆ ಉಪಕರಣ ನೇತುಹಾಕುವುದು ಸೈಟನ್ನಿನ ಅತಿ ಪ್ರಸಿದ್ಧ ರೂಪ. ಇದರ ಲಾಭ ಇರುವ ವಸ್ತುವನ್ನು ತೋರಿಸುವುದರಲ್ಲಿಲ್ಲ, ಇಲ್ಲದ್ದನ್ನು ತೋರಿಸುವುದರಲ್ಲಿದೆ. ಖಾಲಿ ನೆರಳು ಕಂಡರೆ ಒಂದು ಸ್ಪ್ಯಾನರು ಎಲ್ಲೋ ಉಳಿದಿದೆ ಎಂದರ್ಥ. ಮೆಷಿನ್ನಿನ ಒಳಗೇ ಉಳಿದಿದ್ದರೆ? ಶಿಫ್ಟು ಬದಲಾಗುವ ಮುಂಚೆ ಅದು ಗೊತ್ತಾದರೆ ಅಪಾಯ ತಪ್ಪಿತು.

ದಿನವೂ ಬಳಸುವುದು ಕೈಗೆಟುಕುವ ಎತ್ತರದಲ್ಲಿ, ತಿಂಗಳಿಗೊಮ್ಮೆ ಬಳಸುವುದು ಮೇಲೆ ಅಥವಾ ಕೆಳಗೆ, ಭಾರದ್ದು ನೆಲದ ಹತ್ತಿರ. ನಮ್ಮ ಮನೆಗಳಲ್ಲಿ ಹಬ್ಬಕ್ಕೊಮ್ಮೆ ಇಳಿಸುವ ದೊಡ್ಡ ಪಾತ್ರೆಗಳು ಕೈಯೆತ್ತರದಲ್ಲೂ ದಿನದ ಕುಕ್ಕರು ಬಗ್ಗಿ ತೆಗೆಯುವ ಮೂಲೆಯಲ್ಲೂ ಇರುವುದನ್ನು ಎಷ್ಟೋ ಕಡೆ ನೋಡಬಹುದು. ಕುಕ್ಕರು ತೆಗೆಯುವವರನ್ನು ಯಾರೂ ಕೇಳಿರುವುದಿಲ್ಲ.

ಸೈಸೋ: ಒರೆಸುತ್ತಾ ನೋಡುವುದು

ಸೈಸೋ ಎಂದರೆ ಗುಡಿಸಿ ಒರೆಸುವುದು. ಐದರಲ್ಲಿ ಇದನ್ನೇ ಹೆಚ್ಚು ಹಗುರವಾಗಿ ನೋಡುತ್ತಾರೆ, ಹೌಸ್‌ಕೀಪಿಂಗ್ ಹುಡುಗರಿಗೆ ಬಿಟ್ಟ ಕೆಲಸ ಎಂದು. ಜಪಾನಿ ಕಾರ್ಖಾನೆಯಲ್ಲಿ ಯಂತ್ರವನ್ನು ಒರೆಸುವವನು ಅದನ್ನು ನಡೆಸುವವನೇ. ಕಾರಣ ಸರಳ. ಕೈಯಲ್ಲಿ ಬಟ್ಟೆ ಹಿಡಿದು ಯಂತ್ರದ ಮೈಯನ್ನೆಲ್ಲ ಮುಟ್ಟಿದಾಗ ಸಡಿಲವಾದ ನಟ್ಟು, ಕೂದಲೆಳೆಯಂಥ ಬಿರುಕು, ಎಣ್ಣೆ ಜಿನುಗುವ ಜಾಗ, ಹೆಚ್ಚು ಬಿಸಿಯಾದ ಬೇರಿಂಗು ಇವೆಲ್ಲ ಸಿಕ್ಕಿಬೀಳುತ್ತವೆ. ಬಿಳಿ ಬಣ್ಣ ಬಳಿದ ನೆಲದ ಮೇಲೆ ಬಿದ್ದ ಒಂದು ಹನಿ ಎಣ್ಣೆ ತಾನೇ ದೂರು ಹೇಳುತ್ತದೆ. ಒರೆಸುವುದೇ ತಪಾಸಣೆ ಎಂಬ ಈ ಮಾತು ಯಂತ್ರ ನಿರ್ವಹಣೆಯ ಜಪಾನಿ ಪದ್ಧತಿಗೆ ಅಡಿಪಾಯ. ಟೊಯೋಟಾ ಬಳಗದ ನಿಪ್ಪೊನ್‌ಡೆನ್ಸೊ ಕಾರ್ಖಾನೆ 1971ರಲ್ಲಿ ಇದಕ್ಕಾಗಿ ಪ್ರಶಸ್ತಿ ಪಡೆಯಿತು.

ಇನ್ನೊಂದು ಹೆಜ್ಜೆ ಇದೆ. ಕೊಳೆ ಒರೆಸುವುದರ ಜೊತೆಗೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಅಲ್ಲೇ ತಡೆಯಬೇಕು. ದಿನವೂ ಅದೇ ಜಾಗದಲ್ಲಿ ಅದೇ ಎಣ್ಣೆ ಒರೆಸುತ್ತಿದ್ದರೆ ಸೈಸೋ ಅರ್ಧವೇ ಆಗಿದೆ. ಟೆರ್ರಿ ಟವೆಲು ನೇಯುವ ಶೆಡ್ಡುಗಳಲ್ಲಿ ಮಗ್ಗದ ಕೆಳಗೆ, ಮೋಟಾರಿನ ಮೇಲೆ, ಟ್ಯೂಬ್‌ಲೈಟಿನ ಪಟ್ಟಿಯ ಮೇಲೆ ಕೂರುವ ಹತ್ತಿಯ ನಯವಾದ ಧೂಳು ಬರೀ ಕೊಳೆಯಲ್ಲ, ಒಂದು ಕಿಡಿ ಸಾಕು. ಅಂಥ ಕಡೆ ಸೈಸೋ ಜೀವದ ಪ್ರಶ್ನೆ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಆಯುಧಪೂಜೆ. ಆ ದಿನ ಲೇತು, ಮಗ್ಗ, ಟ್ರ್ಯಾಕ್ಟರು, ತಕ್ಕಡಿ ಎಲ್ಲವೂ ತೊಳೆದು ಒರೆಸಿ ಕುಂಕುಮ ಹಚ್ಚಿಸಿಕೊಳ್ಳುತ್ತವೆ. ವರ್ಷವಿಡೀ ಕಾಣದ ಬಿರುಕು ಆ ದಿನ ಕಂಡ ಅನುಭವ ಎಷ್ಟೋ ಮೆಕ್ಯಾನಿಕ್‌ಗಳಿಗೆ ಇದ್ದೇ ಇರುತ್ತದೆ. ಯಂತ್ರದ ಬಗ್ಗೆ ನಮಗೆ ಗೌರವವಿಲ್ಲ ಎನ್ನುವಂತಿಲ್ಲ, ಅದು ವರ್ಷಕ್ಕೊಂದು ದಿನ ಸಲ್ಲುತ್ತದೆ.

ಉಳಿದ ಎರಡು

ಸೈಕೆತ್ಸು ಪದಕ್ಕೆ ಜಪಾನಿನ ದಿನಬಳಕೆಯಲ್ಲಿ ಶುಚಿತ್ವ ಎಂದೇ ಅರ್ಥ. ಕಾರ್ಖಾನೆಯಲ್ಲಿ ಇದು ಮೊದಲ ಮೂರನ್ನೂ ಒಂದು ಮಟ್ಟದಲ್ಲಿ ಉಳಿಸುವ ನಿಯಮಗಳ ಹೆಸರಾಗಿದೆ. ಯಾರು, ಯಾವಾಗ, ಎಷ್ಟು ನಿಮಿಷ, ಹೇಗಿದ್ದರೆ ಸರಿ. ಹೇಗಿದ್ದರೆ ಸರಿ ಎಂಬುದಕ್ಕೆ ಒಂದು ಫೋಟೋ ಅಂಟಿಸಿಬಿಡುವುದು ಹೆಚ್ಚು ಬರೆಯುವುದಕ್ಕಿಂತ ಒಳ್ಳೆಯದು.

ಶಿತ್ಸುಕೆ ಎಂದರೆ ಶಿಸ್ತು ಎಂದು ಅನುವಾದಿಸುವುದು ವಾಡಿಕೆ. ಜಪಾನಿನ ಮನೆಗಳಲ್ಲಿ ಮಕ್ಕಳಿಗೆ ನಡೆನುಡಿ ಕಲಿಸುವುದಕ್ಕೆ ಈ ಪದ ಬಳಸುತ್ತಾರೆ. ಇದನ್ನು ಬರೆಯುವ ಚಿತ್ರಾಕ್ಷರ ಚೀನಾದಿಂದ ಬಂದದ್ದಲ್ಲ, ಜಪಾನಿನಲ್ಲೇ ಹುಟ್ಟಿದ್ದು, 'ಮೈ' ಮತ್ತು 'ಚೆಲುವು' ಎಂಬ ಎರಡು ಗುರುತು ಕೂಡಿಸಿ ಮಾಡಿದ್ದು. ದರ್ಜಿಗಳ ಭಾಷೆಯಲ್ಲಿ ಇದೇ ಉಚ್ಚಾರದ ಪದಕ್ಕೆ ಕಚ್ಚಾ ಹೊಲಿಗೆ ಎಂಬ ಅರ್ಥವೂ ಇದೆ. ಪಕ್ಕಾ ಹೊಲಿಗೆ ಬೀಳುವ ತನಕ ಬಟ್ಟೆ ಸರಿಯದಂತೆ ಹಿಡಿದಿಡುವ ಎಳೆ, ಆಮೇಲೆ ಬಿಚ್ಚಿಬಿಡುವುದು. ಸೂಪರ್‌ವೈಸರ್ ಕೂಗಾಟವನ್ನೂ ಆಡಿಟ್ಟಿನ ಅಂಕವನ್ನೂ ಹೀಗೆ ಕಚ್ಚಾ ಹೊಲಿಗೆ ಎಂದು ತಿಳಿಯುವ ಕಾರ್ಖಾನೆಗಳು ಕಡಿಮೆ. ಬಹಳ ಕಡೆ ಅದೇ ಪಕ್ಕಾ ಹೊಲಿಗೆಯಾಗಿ ಉಳಿದುಬಿಟ್ಟಿದೆ.

ನಮ್ಮ ಕಡೆಗೆ ಬಂದ ದಾರಿ

ಭಾರತಕ್ಕೆ ಜಪಾನಿ ಕಾರ್ಖಾನೆಯ ನಡವಳಿಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಸುಜುಕಿಯ ಜೊತೆಗೂಡಿದ ಮಾರುತಿಯಿಂದ. ಅದರ ಮೊದಲ ಕಾರು 1983ರ ಡಿಸೆಂಬರಿನಲ್ಲಿ ಗುರ್‌ಗಾಂವಿನಿಂದ ಹೊರಬಿತ್ತು. ದಕ್ಷಿಣದಲ್ಲಿ ನಮಗೆ ಹತ್ತಿರವಾದ ಎರಡು ಕೇಂದ್ರಗಳಿವೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಕೊನೆಗೆ ಉತ್ಪಾದನೆ ಶುರುವಾಯಿತು. ಹೊಸೂರಿನ ಟಿವಿಎಸ್ ಮೋಟಾರ್ 2002ರಲ್ಲಿ ಜಪಾನಿನ ಡೆಮಿಂಗ್ ಪ್ರಶಸ್ತಿ ಪಡೆಯಿತು. ಇಂಥ ದೊಡ್ಡ ಕಂಪನಿಗಳು ತಮಗೆ ಬಿಡಿಭಾಗ ಕೊಡುವ ಸಣ್ಣ ವರ್ಕ್‌ಶಾಪುಗಳಿಂದಲೂ ಇದೇ ಶಿಸ್ತನ್ನು ಕೇಳುತ್ತವೆ. ಹೊಸೂರಿನ ಶೆಡ್ಡುಗಳಲ್ಲೂ ಹಳದಿ ಪಟ್ಟಿ ಕಾಣಿಸುವುದು ಹೀಗೆ.

ಸಣ್ಣ ಉದ್ಯಮ ನಡೆಸುವ ಸದಸ್ಯರು ಒಂದು ವಿಷಯ ಗಮನಿಸಬಹುದು. ಕೇಂದ್ರ ಸರ್ಕಾರದ ಎಂಎಸ್‌ಎಂಇ ಕಾಂಪಿಟಿಟಿವ್ ಲೀನ್ ಯೋಜನೆ 2023ರ ಮಾರ್ಚಿನಲ್ಲಿ ಹೊಸ ರೂಪದಲ್ಲಿ ಬಂದಿದೆ. ಬೇಸಿಕ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್‌ಡ್ ಎಂದು ಮೂರು ಹಂತ. 5ಎಸ್ ಅದರಲ್ಲಿ ಕಲಿಸುವ ಪದ್ಧತಿಗಳಲ್ಲೊಂದು. ಸಲಹೆಗಾರರ ಖರ್ಚಿನಲ್ಲಿ ಶೇ. 90 ಭಾಗ ಸರ್ಕಾರ ಭರಿಸುವ ಏರ್ಪಾಡು ಅದು. ಉದ್ಯಮ್ ನೋಂದಣಿ ಇರಬೇಕು.

ಕಾರ್ಖಾನೆಯ ಆಚೆ ಇದು ಚೆನ್ನಾಗಿ ಬೇರೂರಿದ ಜಾಗ ಆಸ್ಪತ್ರೆ. ಶ್ರೀಲಂಕಾದ ಕೊಲಂಬೊದಲ್ಲಿರುವ ಕಾಸಲ್ ಸ್ಟ್ರೀಟ್ ಹೆರಿಗೆ ಆಸ್ಪತ್ರೆ ಸರ್ಕಾರಿ ಆಸ್ಪತ್ರೆ. ಹಣ ಕಡಿಮೆ, ಜನ ಹೆಚ್ಚು. 2000ನೇ ಇಸವಿಯ ಸುಮಾರಿಗೆ ಅಲ್ಲಿ 5ಎಸ್ ಆರಂಭಿಸಿ ಸಾಧಿಸಿದ್ದನ್ನು ನೋಡಿ, ಜಪಾನಿನ ನೆರವು ಸಂಸ್ಥೆ ಜೈಕಾ 2007ರಿಂದ ಟಾಂಜಾನಿಯಾ ಮೊದಲಾದ ಆಫ್ರಿಕಾದ ದೇಶಗಳ ಆಸ್ಪತ್ರೆಗಳಿಗೆ ಅದನ್ನು ಒಯ್ದಿತು. ತುರ್ತಿನಲ್ಲಿ ಬೇಕಾದ ಔಷಧಿ ಯಾವ ಟ್ರೇಯಲ್ಲಿದೆ ಎಂದು ರಾತ್ರಿ ಪಾಳಿಯ ಹೊಸ ನರ್ಸಿಗೂ ಗೊತ್ತಾಗಬೇಕಾದ ಕಡೆ, ಚೀಟಿ ಅಂಟಿಸಿದ ಡಬ್ಬಿಯ ಬೆಲೆ ವಿವರಿಸಬೇಕಾಗಿಲ್ಲ.

ಮನೆಯೊಳಗೆ

ಜಪಾನಿನ ಬಹುತೇಕ ಶಾಲೆಗಳಲ್ಲಿ ತರಗತಿ, ಓಣಿ, ಕೆಲವೆಡೆ ಶೌಚಾಲಯವನ್ನೂ ಮಕ್ಕಳೇ ಸರದಿಯ ಮೇಲೆ ಗುಡಿಸಿ ಒರೆಸುತ್ತಾರೆ. ವರ್ಷದ ಕೊನೆಯಲ್ಲಿ ಮನೆಗಳಲ್ಲಿ 'ಓಸೋಜಿ' ಎಂಬ ದೊಡ್ಡ ಸ್ವಚ್ಛತೆ ನಡೆಯುವ ವಾಡಿಕೆಯಿದೆ, ನಮ್ಮಲ್ಲಿ ಯುಗಾದಿಗೋ ದೀಪಾವಳಿಗೋ ಸುಣ್ಣ ಬಣ್ಣ ಹೊಡೆಸುವ ಹಾಗೆ. ಆದರೆ ಜಪಾನಿನ ಮನೆಗಳೆಲ್ಲ ಚಿತ್ರದಲ್ಲಿ ಕಾಣುವಂತೆ ಖಾಲಿಯಾಗಿ ಹೊಳೆಯುತ್ತವೆ ಎಂದುಕೊಳ್ಳಬೇಡಿ. ಹಾಗಿದ್ದಿದ್ದರೆ ಅಲ್ಲಿ ಸಾಮಾನು ಕಡಿಮೆ ಮಾಡುವ ಪುಸ್ತಕಗಳು ಲಕ್ಷಗಟ್ಟಲೆ ಮಾರಾಟವಾಗುತ್ತಿರಲಿಲ್ಲ.

ಅವುಗಳಲ್ಲಿ ಎರಡು ಪ್ರಸಿದ್ಧ. ಹಿದೆಕೊ ಯಾಮಾಶಿತಾ ಅವರ 'ದಾನ್‌ಶಾರಿ' 2009ರಲ್ಲಿ ಬಂತು. ಹೊಸದನ್ನು ಬರಗೊಡದಿರುವುದು, ಇರುವುದನ್ನು ಬಿಡುವುದು, ಮೋಹದಿಂದ ದೂರವಾಗುವುದು ಎಂಬ ಮೂರು ಭಾಗದ ಪದ ಅದು. ಅವರು ಇದನ್ನು ಕಂಡುಕೊಂಡದ್ದು ಯೋಗಾಭ್ಯಾಸದ ವೇಳೆ ಕೇಳಿದ ಮಾತುಗಳಿಂದ, ಆದ್ದರಿಂದ ಅಪರಿಗ್ರಹ ಎಂಬ ನಮ್ಮ ಹಳೆಯ ಪದ ನೆನಪಾದರೆ ತಪ್ಪೇನಿಲ್ಲ. ಇನ್ನೊಂದು ಮಾರಿ ಕೊಂಡೊ ಅವರ 2011ರ ಪುಸ್ತಕ. 2014ರಲ್ಲಿ ಇಂಗ್ಲಿಷಿಗೆ ಬಂದು, 2019ರಲ್ಲಿ ನೆಟ್‌ಫ್ಲಿಕ್ಸಿನ ಸರಣಿಯಾಯಿತು. ಅವರ ಕ್ರಮ ಕೋಣೆಯ ಪ್ರಕಾರ ಹೋಗುವುದಿಲ್ಲ, ವಸ್ತುವಿನ ಬಗೆಯ ಪ್ರಕಾರ ಹೋಗುತ್ತದೆ. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕಟ್ಟಕಡೆಗೆ ನೆನಪಿನ ವಸ್ತುಗಳು. ಮನೆಯ ಎಲ್ಲ ಬಟ್ಟೆಯನ್ನೂ ಒಂದೇ ರಾಶಿ ಹಾಕಿ, ಒಂದೊಂದನ್ನೇ ಕೈಯಲ್ಲಿ ಹಿಡಿದು ಮನಸ್ಸು ಅರಳುತ್ತದೆಯೇ ಎಂದು ಕೇಳಿಕೊಳ್ಳಬೇಕು. ರಾಶಿ ಹಾಕುವ ಈ ಉಪಾಯ ನಿಜಕ್ಕೂ ಒಳ್ಳೆಯದು. ಬೇರೆ ಬೇರೆ ಬೀರುಗಳಲ್ಲಿ ಹಂಚಿಹೋದ ಹನ್ನೆರಡು ಟವೆಲುಗಳು ಒಟ್ಟಿಗೆ ಕಂಡಾಗಲೇ ಹನ್ನೆರಡು ಎಂದು ಗೊತ್ತಾಗುವುದು. ಮೂರು ಮಕ್ಕಳ ತಾಯಿಯಾದ ಮೇಲೆ ತಮ್ಮ ಮನೆಯೂ ಮೊದಲಿನಷ್ಟು ಒಪ್ಪವಾಗಿಲ್ಲ ಎಂದು ಅವರೇ 2023ರಲ್ಲಿ ಒಪ್ಪಿಕೊಂಡರು. ಅದನ್ನು ಓದಿ ಎಷ್ಟೋ ಮನೆಗಳಲ್ಲಿ ನಿಟ್ಟುಸಿರು ಬಿಟ್ಟಿರಬೇಕು.

ಕೆಡುವುದು ಹೇಗೆ

ಬ್ರಿಟನ್ನಿನ ತೆರಿಗೆ ಇಲಾಖೆ ಕಚೇರಿ ಕೆಲಸಕ್ಕೂ ಈ ಪದ್ಧತಿಯನ್ನು ತಂದಿತ್ತು. 2007ರಲ್ಲಿ ಅಲ್ಲಿನ ನೌಕರರ ಸಂಘ ಗೇಲಿಯ ಸುದ್ದಿಯಾಗುವಂಥ ದೂರು ಹೇಳಿತು. ಮೇಜಿನ ಮೇಲೆ ಪೆನ್ನು ಎಲ್ಲಿರಬೇಕು, ಕಂಪ್ಯೂಟರ್ ಕೀಲಿಮಣೆ ಎಲ್ಲಿರಬೇಕು ಎಂದು ಕಪ್ಪು ಟೇಪು ಹಚ್ಚಿ ಗುರುತು ಮಾಡಿದ್ದರು. ಮೇಜಿನ ಮೇಲಿದ್ದ ಬಾಳೆಹಣ್ಣು ಈಗ ತಿನ್ನುವ ಉದ್ದೇಶದ್ದೋ ಅಲ್ಲವೋ ಎಂದು ಕೂಡ ಕೇಳಿದರಂತೆ. ಸ್ಪ್ಯಾನರಿಗೆ ನೆರಳಿನ ಗುರುತು ಬೇಕು, ಏಕೆಂದರೆ ಅದನ್ನು ಮೂರು ಶಿಫ್ಟಿನವರು ಹಂಚಿಕೊಳ್ಳುತ್ತಾರೆ. ಒಬ್ಬರೇ ಕೂರುವ ಮೇಜಿನ ಪೆನ್ನನ್ನು ಯಾರೂ ಹುಡುಕುವುದಿಲ್ಲ. ಸಮಸ್ಯೆ ಇಲ್ಲದ ಕಡೆ ಉತ್ತರ ಅಂಟಿಸಿದರೆ ಹೀಗಾಗುತ್ತದೆ.

ನಮ್ಮ ಕಡೆ ಕೆಡುವ ರೀತಿ ಬೇರೆ. ಆಡಿಟ್ಟಿನ ಹಿಂದಿನ ರಾತ್ರಿ ಬೇಡದ್ದನ್ನೆಲ್ಲ ಒಂದು ರೂಮಿಗೆ ತುಂಬಿ ಬೀಗ ಹಾಕುವುದು, ನೆಲಕ್ಕೆ ಹೊಸ ಬಣ್ಣ, ಮರುದಿನ ಫೋಟೋ. ಮೂರನೆಯ ದಿನ ರೂಮಿನ ಬೀಗ ತೆಗೆಯಲೇಬೇಕು, ಏಕೆಂದರೆ ಕೆಲಸಕ್ಕೆ ಬೇಕಾದ ಜಿಗ್ಗು ಅದರೊಳಗೇ ಇರುತ್ತದೆ. ದುಡಿಯುವವರನ್ನು ಕೇಳದೆ ಮೇಲಿನಿಂದ ಜಾಗ ಗೊತ್ತುಮಾಡಿದ ಕಡೆಯೆಲ್ಲ ಇದೇ ಕತೆ.

ಕಾಗದ

ಈಗ ಆ ಒಗ್ಗದ ಜಾಗಕ್ಕೆ ಬರುತ್ತೇನೆ. ಮಾರಿ ಕೊಂಡೊ ಅವರ ಪುಸ್ತಕದಲ್ಲಿ ಕಾಗದಪತ್ರದ ವಿಷಯಕ್ಕೆ ಬಂದಾಗ ಸಲಹೆ ಬಹಳ ಖಡಾಖಂಡಿತ: ಹೆಚ್ಚುಕಡಿಮೆ ಎಲ್ಲವನ್ನೂ ಬಿಸಾಡಿ ಎಂಬ ಧಾಟಿ. ತೋಕಿಯೊದ ಬಾಡಿಗೆ ಮನೆಗೆ ಅದು ಸರಿಯಿರಬಹುದು. ಗಡಿ ಬದಲಾದ ನಾಡಿನ ಮನೆಗಳಿಗೆ ಅಲ್ಲ.

ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಜಹೀರಾಬಾದು ಬೀದರಿಗೆ, ಕೊಡಂಗಲ್ ಮತ್ತು ತಾಂಡೂರು ಗುಲ್ಬರ್ಗಕ್ಕೆ ಸೇರಿದ್ದವು. ಅಕ್ಕಲಕೋಟೆ, ಜತ್ತ ಸಂಸ್ಥಾನಗಳಾಗಿದ್ದವು. ಹೀಗಾಗಿ ಅಜ್ಜನ ಕಾಲದ ಜಮೀನಿನ ಪತ್ರ, ಶಾಲೆಯ ದಾಖಲಾತಿ, ಪಾಲುಪಟ್ಟಿ ಇವುಗಳ ತಲೆಬರಹದಲ್ಲಿ ಇಂದಿನ ಜಿಲ್ಲೆಯ ಹೆಸರೇ ಇರುವುದಿಲ್ಲ. ಭಾಷೆಯೂ ಒಂದೇ ಅಲ್ಲ. ಸೊಲ್ಲಾಪುರ ಕಡೆಯ ಹಳೆಯ ಪತ್ರಗಳು ಮೋಡಿ ಲಿಪಿಯಲ್ಲಿ, ಹೈದರಾಬಾದು ಸಂಸ್ಥಾನದವು ಉರ್ದುವಿನಲ್ಲಿ, ಕಾಸರಗೋಡಿನವು ಕನ್ನಡದಲ್ಲಿ. ಮಲಯಾಳಂ, ತಮಿಳು, ಮರಾಠಿ, ತೆಲುಗು ಮಾಧ್ಯಮದಲ್ಲಿ ಓದಿದ ಮೊಮ್ಮಕ್ಕಳು ಮನೆ ಸ್ವಚ್ಛ ಮಾಡುವಾಗ ಮೊದಲು ರದ್ದಿಗೆ ಹೋಗುವುದು ಅವರಿಗೆ ಓದಲು ಬಾರದ ಕಾಗದ. ಸೈರಿಯ ಮೂಲ ಪ್ರಶ್ನೆ 'ಇದು ಬೇಕೇ' ಎಂದು. ಓದಲು ಬಾರದವನಿಗೆ ಆ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರವಿಲ್ಲ.

ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. ನಾನಿದ್ದ ಒಂದು ಸಂಘದಲ್ಲಿ ಕೊಠಡಿ ಖಾಲಿ ಮಾಡುವ ಉತ್ಸಾಹದಲ್ಲಿ ಹಳೆಯ ನಡವಳಿ ಪುಸ್ತಕಗಳ ಕಟ್ಟನ್ನು ನಾವೇ ಕಿಲೋ ಲೆಕ್ಕದಲ್ಲಿ ತೂಗಿಸಿ ಕೊಟ್ಟೆವು. ಚೀಟಿ ಇರಲಿಲ್ಲ, ಗಡುವೂ ಇರಲಿಲ್ಲ. ಆರಂಭದ ಸದಸ್ಯರು ಯಾರೆಂದು ಬೇಕಾದಾಗ ಕೇಳಲು ಜೀವಂತವಾಗಿ ಉಳಿದವರು ಒಬ್ಬರೇ ಇದ್ದರು, ಅವರಿಗೂ ಮರೆವು.

ಆದ್ದರಿಂದ ಕಾಗದಕ್ಕೆ ಕೆಂಪು ಚೀಟಿ ಕಟ್ಟುವಾಗ ಬೇರೆ ಕ್ರಮ ಇರಲಿ. 1956ಕ್ಕಿಂತ ಹಿಂದಿನ ಯಾವ ಕಾಗದಕ್ಕೂ, ಮನೆಯಲ್ಲಿ ಯಾರಿಗೂ ಓದಲು ಬಾರದ ಯಾವ ಕಾಗದಕ್ಕೂ ಗಡುವು ಬೇಡ. ಓದಬಲ್ಲ ಹಿರಿಯರು ಸಿಕ್ಕಾಗ ಓದಿಸಿ, ಎರಡು ಸಾಲಿನ ಸಾರಾಂಶವನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಮೂಲದ ಮೇಲೆ ಬರೆಯಬೇಡಿ, ಸ್ಟೇಪ್ಲರ್ ಪಿನ್ನು ಹೊಡೆಯಬೇಡಿ, ತುಕ್ಕು ಕಾಗದ ತಿನ್ನುತ್ತದೆ. ಲ್ಯಾಮಿನೇಶನ್ ಮಾಡಿಸುವುದು ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸಲಾಗುವುದಿಲ್ಲ. ಕರಾವಳಿಯ ತೇವಕ್ಕೆ ನೆಲ ಮತ್ತು ಹೊರಗೋಡೆ ಬಿಟ್ಟು ಒಳಗಿನ ಕಪಾಟು ವಾಸಿ. ಮೊಬೈಲಿನಲ್ಲಿ ಫೋಟೋ ತೆಗೆದು ಇಬ್ಬರ ಬಳಿ ಇಟ್ಟರೆ ಒಳ್ಳೆಯದು, ಆದರೆ ಫೋಟೋ ಇದೆ ಎಂದು ಮೂಲ ಎಸೆಯುವಂತಿಲ್ಲ.

ಸಂಘದ ಮಟ್ಟಿಗೆ ನಡವಳಿ ಪುಸ್ತಕ, ಸದಸ್ಯರ ಪಟ್ಟಿ, ಲೆಕ್ಕಪತ್ರ, ನೋಂದಣಿ ಪತ್ರ ಇವು ಕಾನೂನಿಗೂ ಬೇಕಾದವು. ಹಳೆಯ ಸ್ಮರಣ ಸಂಚಿಕೆ, ಆಮಂತ್ರಣ ಪತ್ರಿಕೆ, ಕನ್ನಡ ಶಾಲೆಯ ಪರವಾಗಿ ಕೊಟ್ಟ ಮನವಿಗಳ ಪ್ರತಿ ಇವುಗಳಲ್ಲಿ ಒಂದೊಂದನ್ನಾದರೂ ಉಳಿಸಿ ಮಿಕ್ಕ ಪ್ರತಿಗಳನ್ನು ಹಂಚಬಹುದು. ಇಲ್ಲಿಗೆ ಮೂರನೆಯ 'ತೈ' ಚೆನ್ನಾಗಿ ಅನ್ವಯಿಸುತ್ತದೆ: ಇನ್ನೂರು ಪ್ರತಿ ಬೇಡ, ಎರಡು ಬೇಕು.

ಪೆಟ್ಟಿಗೆಯ ಮೇಲಿನ ಚೀಟಿ ಇಟ್ಟವನಿಗಲ್ಲ, ಮುಂದೆ ಹುಡುಕುವವನಿಗೆ ಅರ್ಥವಾಗಬೇಕು ಎನ್ನುವುದು ಸೈಟನ್ನಿನ ನಿಯಮ. ಆದ್ದರಿಂದ ಅದನ್ನು ಕನ್ನಡದಲ್ಲೂ, ನಿಮ್ಮ ಊರಿನ ಮಕ್ಕಳು ಶಾಲೆಯಲ್ಲಿ ಓದುವ ಲಿಪಿಯಲ್ಲೂ ಬರೆಯಿರಿ. ಒಳಗೇನಿದೆ, ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಎಷ್ಟು ಕಾಗದ, ಯಾರನ್ನು ಕೇಳಬೇಕು. ಕೊನೆಯದಕ್ಕೆ ಒಬ್ಬರಲ್ಲ, ಇಬ್ಬರ ಹೆಸರು ಇರಲಿ, ಅವರಲ್ಲಿ ಒಬ್ಬರು ಮೂವತ್ತು ವಯಸ್ಸಿನ ಒಳಗಿನವರು.